ನೆರಳಿನ ಬಾಡಿಗೆ

"ಹಿಂದಕ್ಕೆ ಬರ್ಲಿ, ಬರ್ಲಿ, ಇನ್ನೊಂದ್ ಚೂರು ಬರ್ಲಿ. ಸಾಕು, ನಿಲ್ಸಪ್ಪ" ಎಂದು ದೊಡ್ಡಗಂಗಮ್ಮ ಎರಡೂ ಕೈ ಎತ್ತಿದಾಗ ಬಿಳಿ ಮಾರುತಿ ವ್ಯಾನು ಎರಡು ತೆಂಗಿನಮರಗಳ ನಡುವೆ ಅಚ್ಚುಕಟ್ಟಾಗಿ ನಿಂತಿತು. ಹುಟ್ಟಿದಾಗಿನಿಂದ ಸೈಕಲ್ಲಿನ ಪೆಡಲನ್ನೂ ತುಳಿಯದ ಹೆಂಗಸು ಕೆಲವೇ ಭಾನುವಾರಗಳಲ್ಲಿ ಈ ವಿದ್ಯೆಯನ್ನು ಅರೆದು ಕುಡಿದಿದ್ದಳು. ವ್ಯಾನಿನವನು ಎಷ್ಟು ಕೊಡಬೇಕೆಂದು ಜೇಬಿಗೆ ಕೈ ಹಾಕಿದರೆ, ನೆರಳಿಗೆ ಯಾರಾದರೂ ದುಡ್ಡು ಇಸಕೊಳ್ಳುತ್ತಾರೆಯೇ, ಹೋಗಿ ಮಕ್ಕಳಿಗೆ ಜಿಂಕೆ ತೋರಿಸಿಕೊಂಡು ಬನ್ನಿ ಎಂದು ಅಟ್ಟಿದಳು.

ರಸ್ತೆಯ ಆಚೆ ಬದಿಯಲ್ಲಿ, ಜಿಂಕೆವನದ ಗೇಟಿನ ಪಕ್ಕ, ಹಸಿರು ಬಣ್ಣ ಬಳಿದ ತಗಡಿನ ಗೂಡೊಂದಿತ್ತು. ಅದರೊಳಗೆ ರಸೀದಿ ಪುಸ್ತಕ ಮುಂದಿಟ್ಟುಕೊಂಡು ಖಾಕಿ ಅಂಗಿಯ ಜಯಪ್ರಕಾಶ ಆಕಳಿಸುತ್ತಿದ್ದ. ಅವನ ಬೆನ್ನ ಹಿಂದೆ ತಂತಿ ಬೇಲಿ ಹಾಕಿ ಸಿದ್ಧಪಡಿಸಿದ್ದ ಪಾರ್ಕಿಂಗ್ ಜಾಗದಲ್ಲಿ ಯಾರದೋ ಎಮ್ಮೆ ನೆಮ್ಮದಿಯಾಗಿ ಮೇಯುತ್ತಿತ್ತು. ಈ ಜಯಪ್ರಕಾಶ ದೊಡ್ಡಗಂಗಮ್ಮನ ಒಬ್ಬನೇ ಮಗ.

ಹೆಬ್ಬೂರಿನಿಂದ ಕಾಡಿನ ಕಡೆಗೆ ಹೋಗುವ ದಾರಿಯ ಕೊನೆಯಲ್ಲಿ ಇರುವ ಊರು ತೊರೆಪಾಳ್ಯ. ಅಲ್ಲಿ ಜಿಂಕೆವನ ಶುರುವಾದಾಗಿನಿಂದ ತುಮಕೂರಿನವರು ರಜೆ ಬಂತೆಂದರೆ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಗಾಡಿಗಳನ್ನು ಕಂಡ ಕಂಡ ಮರದ ಕೆಳಗೆ ಬಿಟ್ಟು ಒಳಗೆ ಹೋಗುತ್ತಿದ್ದರು. ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಅರಣ್ಯ ಇಲಾಖೆಯವರು ಬೋರ್ಡು ನೆಟ್ಟರು. ಗಾಡಿ ನಿಲ್ಲಿಸಲು ಬೈಕಿಗೆ ಇಷ್ಟು, ಕಾರಿಗೆ ಇಷ್ಟು. ಬೋರ್ಡು ಓದಿದ ಎಷ್ಟೋ ಜನ ಗಾಡಿ ತಿರುಗಿಸಿಕೊಂಡು ವಾಪಸು ಹೋದರು. ಗೇಟಿನ ಮುಂದೆ ಸೌತೆಕಾಯಿ, ಸೀಬೆಹಣ್ಣು ಮಾರುವ ಮಸ್ತಾನ್ ಬೀಯ ಬುಟ್ಟಿ ಸಂಜೆಯಾದರೂ ಖಾಲಿಯಾಗದಾಯಿತು. ಟೀ ಅಂಗಡಿಯ ಅಂಜನಮೂರ್ತಿ ಊರವರನ್ನೆಲ್ಲ ಸೇರಿಸಿ ರೇಂಜರಿಗೆ ಮನವಿ ಕೊಟ್ಟ. ರೇಂಜರು ಮನವಿ ಇಸಿದುಕೊಂಡು, ಅವನ ಅಂಗಡಿಯಲ್ಲೇ ಟೀ ಕುಡಿದು, ಜೀಪು ಹತ್ತಿ ಹೋದರು.

ಆ ಸಂಜೆ ಕಟ್ಟೆಯ ಮೇಲೆ ಸಭೆ ಸೇರಿ, ಧರಣಿಯೋ ರಸ್ತೆ ತಡೆಯೋ ಎಂದು ಗಂಡಸರು ಗಂಟಲು ಹರಿದುಕೊಳ್ಳುತ್ತಿದ್ದಾಗ, ಹಿಂದಿನಿಂದ ದೊಡ್ಡಗಂಗಮ್ಮ ಅದಕ್ಕೆಲ್ಲ ಯಾಕೆ ಅಷ್ಟು ತಲೆ ಕೆಡಿಸಿಕೊಳ್ಳುತ್ತೀರಿ, ಗೇಟಿನ ಎದುರಿಗೇ ನಮ್ಮ ತೋಟವಿದೆ, ಬರುವವರು ಅಲ್ಲೇ ಬಿಡಲಿ ಅಂದಳು. ಎಲ್ಲರೂ ಹೌದು ಹೌದು ಅಂದರು. ಅವಳ ದುರದೃಷ್ಟಕ್ಕೆ, ಮಾರನೇ ದಿನವೇ ರೇಂಜರು ಇಲಾಖೆಯ ಕೆಲಸಕ್ಕಿದ್ದ ಜಯಪ್ರಕಾಶನನ್ನು ಕರೆಸಿ ಗೂಡಿನ ಬೀಗದ ಕೈಯನ್ನು ಅವನ ಕೈಗೇ ಕೊಟ್ಟರು. ಮಗನಿಗೋಸ್ಕರ ಮಾತು ಹಿಂತೆಗೆದುಕೊಂಡರೆ ಮಸ್ತಾನ್ ಬೀಗೆ ಮುಖ ತೋರಿಸುವುದು ಹೇಗೆ? ಅವಳು ತೋಟದ ತಡಿಕೆ ತೆಗೆದೇಬಿಟ್ಟಳು.

ಇದರಿಂದ ಮನೆಯಲ್ಲಿ ಜಗಳವಾಯಿತೆಂದು ಊರವರು ಭಾವಿಸಿದ್ದರೆ ಅದು ಅವರ ಆಸೆ ಅಷ್ಟೆ. ಮಧ್ಯಾಹ್ನ ಮಗ ರಸ್ತೆ ದಾಟಿ ತೋಟದೊಳಗಿನ ಮನೆಗೆ ಬರುತ್ತಿದ್ದ, ತಾಯಿ ಮುದ್ದೆ ಬಡಿಸುತ್ತಿದ್ದಳು, ಇಬ್ಬರೂ ಸೊಪ್ಪಿನ ಸಾರಿನ ಉಪ್ಪು ಹುಳಿ ಮಾತಾಡಿ ಏಳುತ್ತಿದ್ದರು. ಎದುರಾಳಿಗಳಾಗಿ ಮತ್ತೆ ತಮ್ಮ ತಮ್ಮ ಜಾಗಕ್ಕೆ ಹೋಗುತ್ತಿದ್ದರು.

ಅವಳ ನಿಜವಾದ ಚಿಂತೆ ಬೇರೆಯೇ ಇತ್ತು. ಮಗನಿಗೆ ಮೂವತ್ತು ದಾಟಿತ್ತು. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದರೆ ಬಡಿದು ಆರಿಸಲು ಹಸಿ ಸೊಪ್ಪಿನ ಕೊಂಬೆ ಹಿಡಿದು ಮೊದಲು ಓಡುವವನು ಅವನೇ ಆದರೂ ಲೆಕ್ಕದಲ್ಲಿ ಇನ್ನೂ ದಿನಗೂಲಿ. ಎರಡು ಸಲ ಹೆಣ್ಣಿನ ಕಡೆಯವರು ಬಂದು, ತಿಂಡಿ ತಿಂದು, ಕೆಲಸ ಪರ್ಮನೆಂಟಾ ಎಂದು ಕೇಳಿ, ಆಮೇಲೆ ಸುದ್ದಿಯೇ ಇಲ್ಲದಂತೆ ಹೋಗಿದ್ದರು. ಈ ಸಲ ಕುಣಿಗಲ್ ಕಡೆಯ ಸಂಬಂಧ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ ಒಪ್ಪಿಯಾಗಿತ್ತು. ಆ ದಿನ ಹುಡುಗಿಯ ತಂದೆಗೆ ಮೈ ಸರಿಯಿಲ್ಲದೆ ಅವರು ಒಳಗೆ ಮಲಗಿದ್ದರು, ತಾಯಿಯಿಲ್ಲದ ಹುಡುಗಿಯ ಪರವಾಗಿ ಚಿಕ್ಕಪ್ಪ ಮಾತಾಡಿದ್ದ. ಉಳಿದದ್ದು ತಂದೆ ಬಂದು ಮನೆ ನೋಡುವ ಶಾಸ್ತ್ರ. ಭಾನುವಾರ ಮಧ್ಯಾಹ್ನದ ಮೇಲೆ ಬರುತ್ತೇವೆಂದು ಅಂಜನಮೂರ್ತಿಯ ಅಂಗಡಿಗೆ ಫೋನು ಬಂದಿತ್ತು. ಮಧ್ಯಾಹ್ನದವರೆಗೆ ಗಾಡಿಗಳನ್ನು ನೋಡಿಕೊಂಡು, ಆಮೇಲೆ ಮಿಂದು ಹೊಸ ಸೀರೆ ಉಟ್ಟರಾಯಿತೆಂದು ದೊಡ್ಡಗಂಗಮ್ಮ ಲೆಕ್ಕ ಹಾಕಿದ್ದಳು.

ಆ ಭಾನುವಾರ ಬಿಸಿಲು ಇನ್ನೂ ಏರುತ್ತಿದ್ದಾಗ ಒಂದು ಹಳೆಯ ಅಂಬಾಸಿಡರ್ ಬಂದು ರಸ್ತೆಯ ಮಧ್ಯೆ ಅನುಮಾನಿಸುತ್ತಾ ನಿಂತಿತು. ಗೂಡಿನಿಂದ ಜಯಪ್ರಕಾಶ ಕತ್ತು ಹೊರಗೆ ಹಾಕಿದ. ಇವಳು ಬಿಟ್ಟಾಳೆಯೇ? ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿಹೋಗಿ ಕಿಟಕಿಗೆ ಬಾಗಿದಳು.

"ಸ್ವಾಮಿ, ಆ ಡಬ್ಬದೋನ್ ತಾವ ಹೋಗ್ಬೇಡಿ. ಗಾಡಿ ನಿಲ್ಸಿದ್ದಕ್ಕೂ ಕಾಸ್ ಕೀಳ್ತಾನೆ ಅವ್ನು, ಮಾಡಕ್ ಬೇರೆ ಕೇಮೆ ಇಲ್ಲ. ನಮ್ ತೋಟಕ್ ಬುಡಿ."

ಹಿಂದಿನ ಸೀಟಿನಲ್ಲಿ ಕೂತಿದ್ದ ಕನ್ನಡಕದ ಹಿರಿಯರು ನಕ್ಕು, ಅದಿರಲಿ ಅಮ್ಮಾ ಅಂದರು. "ಇಲ್ಲಿ ಫಾರೆಸ್ಟ್ ಜಯಪ್ರಕಾಶ್ ಅಂತ ಇದಾರಲ್ಲ, ಅವ್ರ್ ಮನೆ ಯಾವ್ದು? ಕುಣಿಗಲ್ಲಿಂದ ಬಂದಿದೀವಿ. ಮಧ್ಯಾನ ಈ ಡ್ರೈವರಿಗೆ ಬೇರೆ ಬಾಡಿಗೆ ಐತಂತೆ, ಅದಕ್ಕೇ ಬೇಗ ಬಂದ್ಬುಟ್ವಿ."

ದೊಡ್ಡಗಂಗಮ್ಮ ಸಿಕ್ಕಿಸಿದ್ದ ಸೆರಗನ್ನು ಬಿಡಿಸಿ ಹೊದ್ದುಕೊಂಡಳು. ಸುಳ್ಳು ಹೇಳಿ ಯಾವುದಾದರೂ ಬೇರೆ ಮನೆ ತೋರಿಸಿ ಹಿಂದಿನ ಬಾಗಿಲಿನಿಂದ ಓಡಿಹೋಗೋಣವೇ ಎಂದು ಒಂದು ಗಳಿಗೆ ಅನ್ನಿಸಿದ್ದೂ ನಿಜ. ಆದರೆ ನಾಲಿಗೆ ಅವಳ ಮಾತು ಕೇಳಲಿಲ್ಲ.

"ಇದೇ ಮನೆ ಸ್ವಾಮಿ. ಆ ಡಬ್ಬದಲ್ ಕೂತವ್ನಲ್ಲ, ಅವ್ನೇ. ನನ್ ಮಗ."

ಹಿರಿಯರು, ಅಂದರೆ ಹುಡುಗಿಯ ತಂದೆ ಶಿವರಾಮಯ್ಯ, ಒಮ್ಮೆ ತೋಟದ ತುಂಬ ನಿಂತಿದ್ದ ಗಾಡಿಗಳನ್ನು, ಒಮ್ಮೆ ಆಚೆಯ ಎಮ್ಮೆಯನ್ನು ನೋಡಿದರು. ಪಕ್ಕದಲ್ಲಿದ್ದ ತಂಗಿ ವನಜಮ್ಮನನ್ನು ಇಳಿಸಿ, ನೀನು ಒಳಗೆ ಹೋಗಿರು ಎಂದು, ಡ್ರೈವರಿಗೆ ಕಾರನ್ನು ಗೂಡಿನ ಕಡೆಗೆ ತಿರುಗಿಸಲು ಹೇಳಿದರು.

ಇದೂ ಹೋಯಿತು ಅಂದುಕೊಂಡಳು ದೊಡ್ಡಗಂಗಮ್ಮ. ಅದೂ ತನ್ನ ಬಾಯಿಂದಲೇ. ಆದರೂ ಚಾಪೆ ಹಾಸಿ, ವನಜಮ್ಮನಿಗೆ ಎಳನೀರು ಕೊಟ್ಟಳು. ವನಜಮ್ಮ ಅಡುಗೆಮನೆ, ಹಿತ್ತಿಲು, ರಾಗಿಯ ಮೂಟೆ ಎಲ್ಲವನ್ನೂ ಕಣ್ಣಲ್ಲೇ ಅಳೆಯುತ್ತಾ, ದಿನಾ ಹೀಗೇನಾ ನೀವಿಬ್ಬರು, ಮಾತುಕತೆ ಉಂಟೋ ಇಲ್ಲವೋ ಎಂದು ವಿಚಾರಿಸಿದಳು. ಊಟಕ್ಕೆ ಬರದೆ ಎಲ್ಲಿಗೆ ಹೋಗುತ್ತಾನೆ ಎಂದಳು ದೊಡ್ಡಗಂಗಮ್ಮ.

ಸ್ವಲ್ಪ ಹೊತ್ತಿಗೆ ಶಿವರಾಮಯ್ಯ ನಡೆದುಕೊಂಡು ಬಂದರು. ಕೈಯಲ್ಲಿ ರಸೀದಿಯಿತ್ತು. ಕಾರು ತಂತಿ ಬೇಲಿಯೊಳಗೆ ಎಮ್ಮೆಯ ಜೊತೆ ನಿಂತಿತ್ತು. ಅವರು ಚಾಪೆಯ ಮೇಲೆ ಕೂತು, ತಾವು ಯಾರೆಂದು ಹುಡುಗನಿಗೆ ಹೇಳಲಿಲ್ಲವೆಂದೂ, ಅಲ್ಲಿ ಪುಕ್ಕಟೆ ಜಾಗ ಕೊಡುವಾಗ ನಿನಗೇಕೆ ದುಡ್ಡು ಕೊಡಬೇಕು ಎಂದು ಬೇಕೆಂದೇ ಕೆಣಕಿದೆನೆಂದೂ ಹೇಳಿದರು.

"ಏನಂದ ಗೊತ್ತಾ? ಅಲ್ಲೇ ಬುಡಿ ಸಾರ್, ಚೆನ್ನಾಗೈತೆ ಜಾಗ. ಆದ್ರೆ ಬಾವಿ ಪಕ್ಕದ ಮರದ ಕೆಳಗ್ ಮಾತ್ರ ಬುಡ್ಬೇಡಿ, ಒಣಗಿದ್ ಕಾಯಿ ಉದುರ್ತವೆ. ಅಲ್ ನಿಂತಿರೋದು ನಮ್ಮವ್ವ, ಬೆಳಗ್ಗಿಂದ ಬಿಸ್ಲಲ್ಲಿ ನಿಂತವ್ಳೆ, ಒಸಿ ಕೂತ್ಕೋ ಅಂತ ನೀವಾದ್ರೂ ಹೇಳಿ, ನಾನ್ ಹೇಳಿದ್ರೆ ಕೇಳಲ್ಲ ಅಂದ."

ದೊಡ್ಡಗಂಗಮ್ಮ ಸೆರಗಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡಳು. ಶಿವರಾಮಯ್ಯ ಆಮೇಲೆ ನಗು ಬಿಟ್ಟು ಕೇಳಬೇಕಾದದ್ದನ್ನು ಕೇಳಿದರು. ಗಾಡಿಗಳೆಲ್ಲ ಇಲ್ಲಿಗೇ ಬಂದರೆ ಆ ಗೂಡು ಎಷ್ಟು ದಿನ ಇದ್ದೀತು, ಆಮೇಲೆ ಹುಡುಗನ ಗತಿಯೇನು?

ಅವಳು ಸೆರಗು ಕೆಳಗಿಳಿಸಿದಳು. "ಡಬ್ಬ ಮುಚ್ಚಿದ್ರೆ ಕಾಡೇನ್ ಮುಚ್ಚಲ್ಲ ಸ್ವಾಮಿ. ಬೆಂಕಿ ಬಿದ್ರೆ ಇವನ್ನೇ ಕರೀಬೇಕು. ಪರ್ಮನೆಂಟ್ ಆಯ್ತದೋ ಇಲ್ವೋ, ಅದ್ ನಂಗೊತ್ತಿಲ್ಲ. ತೋಟ ಕೊಡ್ತೀನಿ ಅಂತ ಊರೋರ್ಗೆ ಮಾತ್ ಕೊಟ್ಟಿವ್ನಿ, ಅದ್ನೂ ಮುರಿಯಕ್ಕಾಗಲ್ಲ. ನಿಮ್ ಹುಡುಗೀನ ಕೊಡೋದು ಬುಡೋದು ನಿಮಗ್ ಸೇರಿದ್ದು."

ಶಿವರಾಮಯ್ಯ ತಂಗಿಯ ಮುಖ ನೋಡಿದರು. ವನಜಮ್ಮ ಎಳನೀರಿನ ಬುರುಡೆಯನ್ನು ಪಕ್ಕಕ್ಕಿಟ್ಟು, ಹಣೆಗೆ ಇಟ್ಟುಕೊಳ್ಳಲು ಕುಂಕುಮ ಎಲ್ಲಿದೆ ಎಂದು ಕೇಳಿದಳು. ಒಪ್ಪದ ಮನೆಯಲ್ಲಿ ಯಾರೂ ಹಾಗೆ ಕೇಳುವುದಿಲ್ಲ.

ಕುಣಿಗಲ್‌ನವರು ಉಪ್ಪಿಟ್ಟು ತಿಂದು, ಹುಡುಗನಿಗೆ ನೀವೇ ಹೇಳಿ ಎಂದು ಹೊರಟ ಮೇಲೆ ದೊಡ್ಡಗಂಗಮ್ಮ ಒಂದು ಚೊಂಬು ಮಜ್ಜಿಗೆ ತೆಗೆದುಕೊಂಡು, ಗೂಡು ಬಂದ ಮೇಲೆ ಮೊದಲ ಬಾರಿಗೆ ರಸ್ತೆ ದಾಟಿದಳು. ಜಯಪ್ರಕಾಶ ಎದ್ದು ಇದ್ದ ಒಂದೇ ಕುರ್ಚಿಯನ್ನು ಅವಳಿಗೆ ಕೊಟ್ಟ. ಆ ಅಂಬಾಸಿಡರಿನವರು ನಮ್ಮ ಮನೆಯಲ್ಲಿ ಅಷ್ಟು ಹೊತ್ತು ಏನು ಮಾಡಿದರು, ಯಾರವರು ಎಂದು ಕೇಳಿದ.

"ನಿನ್ ಮಾವ ಕಣ್ಲಾ."

ಅವನ ಮುಖ ಬಿಳಿಚಿಕೊಂಡಿತು. "ಅಯ್ಯೋ ಅವ್ವ. ಅವರತ್ರ ಇಪ್ಪತ್ ರೂಪಾಯಿ ಇಸ್ಕೊಂಡ್ಬುಟ್ನಲ್ಲ."

"ನೀನ್ ಇಸ್ಕೊಂಡಿದ್ದು ಇಪ್ಪತ್ತು. ನಾನ್ ನಿನ್ ಬಗ್ಗೆ ಅಂದಿದ್ದು ಕೇಳಿದ್ರೆ ನೀನು ಇವತ್ತು ಮುದ್ದೆ ಉಣ್ಣಲ್ಲ" ಎಂದು ಅವಳು ಆಡಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಅವನು ತಗಡಿಗೆ ಒರಗಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಆಮೇಲೆ ಚೊಂಬನ್ನು ಅವಳ ಕೈಯಿಂದ ತೆಗೆದುಕೊಂಡು ಅರ್ಧ ಕುಡಿದು ಅರ್ಧ ವಾಪಸು ಕೊಟ್ಟ.

ತುಮಕೂರಿನ ಕಡೆಯಿಂದ ಬಂದ ಸುಮೊ ಒಂದು ರಸ್ತೆಯ ಮಧ್ಯೆ ನಿಂತು ಹಾರನ್ ಹೊಡೆಯಿತು. ಈ ಕಡೆಯಿಂದಲೂ ಯಾರೂ ಏಳಲಿಲ್ಲ, ಆ ಕಡೆಯಲ್ಲೂ ಯಾರೂ ಇರಲಿಲ್ಲ. ಇನ್ನೊಂದು ಸಲ ಹಾರನ್ ಹೊಡೆದು ಕಾದು ನೋಡಿದ ಡ್ರೈವರು, ಕೊನೆಗೆ ಮಸ್ತಾನ್ ಬೀಯ ಬುಟ್ಟಿಯ ಪಕ್ಕದಲ್ಲೇ ಗಾಡಿಯನ್ನು ಓರೆಯಾಗಿ ನಿಲ್ಲಿಸಿ, ಮಕ್ಕಳನ್ನು ಇಳಿಸಿ ಸೌತೆಕಾಯಿಗೆ ಚೌಕಾಸಿ ಮಾಡತೊಡಗಿದ.