ಗಂಡಸರಿಗೆ ಚೌಕ

ದುಂಡು ಎಂದರೆ ಹೆಣ್ಣು, ಚೌಕ ಎಂದರೆ ಗಂಡು, ಕಾಯಿಲೆಯಿದ್ದವರಿಗೆ ಮಸಿ, ಡಾಕ್ಟರು ನಮ್ಮ ವಂಶದ ನಕ್ಷೆ ಬರೆಯುತ್ತಿದ್ದಾರೆ, ಪೆನ್ನು ಸರಿಯಾಗಿ ಮೂಡುತ್ತಿಲ್ಲ, ಅವ್ವ ಮಾತ್ರ ಸರಾಗ ಹೇಳುತ್ತಿದ್ದಾಳೆ, ನಮ್ಮವ್ವ ಕೆರಿಯಮ್ಮಂಗಿತ್ತು ಡಾಕ್ಟ್ರೇ, ತಂಗಿ ಸರೋಜಂಗೆ ಬಾಣಂತನದಲ್ಲಿ ಬಂತು, ಈಗ ಈ ನನ್ ಮಗ್ಳು ಸುಮನಾ, ಮೂರು ತಿಂಗ್ಳಿಂದ ಹಾಸ್ಟೆಲಲ್ಲಿ ಮುಸುಕು ಹೊದ್ಕಂಡು ಮಲಗೋದೇ ಕೆಲ್ಸ, ಹೋದ ವಾರ ಮನೆಗೆ ಕರ್ಕಂಬಂದೆ, ನಮ್ಮಲ್ಲಿ ಹೆಣ್ಮಕ್ಕಳಿಗೇ ಬರೋದು ಇದು — ಮೂರು ದುಂಡಿಗೂ ಮಸಿ. ಗಂಡಸರಲ್ಲಿ? ಅವ್ರಿಗೆಂತದೂ ಇಲ್ಲ, ಇವ್ಳಪ್ಪ ಇದ್ದಷ್ಟು ದಿನ ಗಟ್ಟಿ ಆಳು. ಅಪ್ಪನ ಚೌಕ ಖಾಲಿ. ಹೌದು, ಗಟ್ಟಿ ಆಳು, ಒಂಬತ್ತು ದಿನ ನಿದ್ದೆಯಿಲ್ಲದೆ ಹಿತ್ತಿಲಿಗೆ ಪಾಗಾರ ಕಟ್ಟಿದ, ಪಕ್ಕದ ಗುತ್ಯಪ್ಪಣ್ಣನ ಜಾಗವನ್ನೂ ಸೇರಿಸಿ ಕಟ್ಟಿದ, ಗುತ್ಯಪ್ಪಣ್ಣ ಬಂದು ಎಂತ ಮಾರಾಯ, ಜೆಸಿಬಿ ನುಂಗಿದೀಯನಾ ಎಂದ, ಎಲ್ಲರೂ ನಕ್ಕರು, ಆಮೇಲೆ ಅಪ್ಪ ಮಳೆಗಾಲ ಪೂರ್ತಿ ಗೋಡೆಗೆ ಮುಖ ಮಾಡಿ ಮಲಗಿದ, ಅದಕ್ಕೆ ಸುಸ್ತು ಎಂದು ಹೆಸರು, ಹೆಂಗಸು ಮಲಗಿದರೆ ಕಾಯಿಲೆ, ಗಂಡಸು ಮಲಗಿದರೆ ಸುಸ್ತು. ಲೈಬ್ರರಿಯ ಪುಸ್ತಕದಲ್ಲಿ ಓದಿದ್ದೇನೆ, ಬರೀ ಖಿನ್ನತೆ ಹೆಂಗಸರಲ್ಲಿ ಸುಮಾರು ಎರಡು ಪಟ್ಟು, ಹೀಗೆ ಏರಿ ಇಳಿಯುವ ಕಾಯಿಲೆ ಇಬ್ಬರಲ್ಲೂ ಹೆಚ್ಚುಕಡಿಮೆ ಸಮ, ಅಪ್ಪನಿಗೆ ಅದಿದ್ದರೆ ನನಗೆ ಬರೀ ಖಿನ್ನತೆಯ ಮಾತ್ರೆ ಕೊಡುವ ಮೊದಲು ಯೋಚಿಸಬೇಕು, ಅದು ನನ್ನನ್ನೂ ಅಪ್ಪನಂತೆ ಏರಿಸಬಹುದು, ಡಾಕ್ಟರ ಕೈ ಆಗಲೇ ಚೀಟಿಯ ಮೇಲಿದೆ, ಹೇಳಬೇಕು, ಅವ್ವನ ಉಗುರು ನನ್ನ ತೊಡೆಯಲ್ಲಿ, ಸುಮ್ನಿರೇ, ಅಣ್ಣನ ಮದ್ವೆ ಐತಿ. ಅಣ್ಣ ಸುನಿಲನಿಗೆ ಹೊಸನಗರದ ಹುಡುಗಿ ಗೊತ್ತಾಗಿದೆ, ಅವ್ವ ತೀರ್ಥಹಳ್ಳಿಯವರೆಗೆ ಬಸ್ಸು ಹತ್ತಿ ಹುಡುಗಿಯ ಅಜ್ಜಿಮನೆ ಹುಡುಕಿ ಆ ಕಡೆ ಹೆಂಗಸರ ತಲೆ ಸರಿಯಿದೆಯಾ ಎಂದು ವಿಚಾರಿಸಿ ಬಂದವಳು, ನಮ್ಮ ಗಂಡಸರನ್ನು ಯಾರೂ ವಿಚಾರಿಸಲಿಲ್ಲ, ಸುನಿಲ ನಾಲ್ಕು ದಿನದಿಂದ ಮಲಗಿಲ್ಲ, ಒಬ್ಬನೇ ಇಡೀ ಮನೆಗೆ ಬಣ್ಣ ಬಳಿಯುತ್ತಿದ್ದಾನೆ, ಸಾಗರದ ಬಸ್ಸಿನಲ್ಲಿ ಅವ್ವ ಸಿಕ್ಕವರಿಗೆಲ್ಲ ಹೇಳಿದಳು, ಮದ್ವೆ ಗಂಡಿನ ಹುರುಪು ನೋಡಿ — ಅಪ್ಪನಿಗೂ ಇತ್ತು ಸರ್, ಅಣ್ಣನಿಗೆ ಶುರುವಾಗಿದೆ. ನನ್ನದೇ ಬಾಯಿ. ಉಗುರು ಹಿಂದೆ ಹೋಯಿತು, ಮುರ್ದೆಯಲ್ಲೇ, ಅವನ ಮದ್ವೆ ಮುರ್ದೆಯಲ್ಲೇ ಪಾಪಿ, ಅವ್ವ ಅಳುತ್ತಿದ್ದಾಳೆ, ಡಾಕ್ಟರು ಚೀಟಿ ಬದಿಗೆ ಸರಿಸಿ ಕೇಳುತ್ತಿದ್ದಾರೆ, ಅಣ್ಣ ಈಗ ಎಲ್ಲಿದ್ದಾರೆ, ಜೊತೆಗೆ ಯಾರಿದ್ದಾರೆ, ಯಾರೂ ಇಲ್ಲ, ಬೆಳಿಗ್ಗೆ ನಾವು ಹೊರಡುವಾಗ ಗೋಡೆಗಳು ಮುಗಿದಿದ್ದವು, ಏಣಿ ನೆಲಕ್ಕೆ ಬಿದ್ದಿತ್ತು, ಅವನು ಮಾಡಿನ ತುದಿಯಲ್ಲಿ ಬರಿಗಾಲಲ್ಲಿ ನಿಂತು ಹೆಂಚಿಗೆ ನೀಲಿ ಬಳಿಯುತ್ತಿದ್ದ, ಎರಡೂ ಕೈ ಬೀಸಿದ, ಬಸ್ಸಿನ ದಾರಿಯುದ್ದಕ್ಕೂ ಕಣ್ಣಲ್ಲಿ ಅದೇ, ಈಗಲೂ ಅದೇ, ನೀಲಿ ಹೆಂಚು, ಬರಿಗಾಲು, ಎರಡೂ ಕೈ ಮೇಲೆ