ಸೂತಕದ ಬಾನಿ

ದಿಬ್ಬೂರಹಳ್ಳಿಯ ಪಡುವಣ ಅಂಚಿನಲ್ಲಿದ್ದ ನರಸಿಂಹಪ್ಪನ ಮನೆಯನ್ನು ಊರವರು ಎದುರಿಗೆ ‘ರಸದ ಮನೆ’ ಎಂದೂ ಬೆನ್ನ ಹಿಂದೆ ‘ಹೆಂಡದ ಮನೆ’ ಎಂದೂ ಕರೆಯುತ್ತಿದ್ದರು. ಮನೆಯವರ ಬಾಯಲ್ಲಿ ಮಾತ್ರ ಅದು ಪೂಜೆರಸ. ನರಸಿಂಹಪ್ಪನ ತಂದೆ ಹರೆಯದಲ್ಲಿ ಬೆಂಗಳೂರು ದಂಡಿನ ಪಾದ್ರಿಯೊಬ್ಬರ ತೋಟದಲ್ಲಿ ದುಡಿದು, ಕಪ್ಪುದ್ರಾಕ್ಷಿಯ ಬಳ್ಳಿಯನ್ನೂ ಅದರ ರಸ ಹುದುಗಿಸುವ ವಿದ್ಯೆಯನ್ನೂ ಊರಿಗೆ ತಂದವನು. ಅಂದಿನಿಂದ ಆ ಮನೆಯ ರಸವೆಲ್ಲ ಸರ್ಕಾರದ ಪರವಾನಗಿಯ ಮೇಲೆ ಚರ್ಚಿನ ಪೂಜೆಗೇ ಹೋಗುತ್ತಿತ್ತು. ಯಾರ ದೇವರಾದರೇನು, ನೈವೇದ್ಯ ನೈವೇದ್ಯವೇ ಎಂದು ಮುದುಕ ಒಂದು ಕಟ್ಟಳೆ ಹಾಕಿ ಹೋಗಿದ್ದ: ದೇವರಿಗೆ ಮುಟ್ಟುವ ಮುನ್ನ ನಾಲಿಗೆಗೆ ತಾಗಿದರೆ ಅದು ಎಂಜಲು. ಹೀಗಾಗಿ ರಸ ಮಾಡುವ ಆ ಮನೆಯಲ್ಲಿ ರಸದ ರುಚಿ ಬಲ್ಲವರು ಒಬ್ಬರೂ ಇರಲಿಲ್ಲ. ರಸ ಹುದುಗುವ ದೊಡ್ಡ ಮಣ್ಣಿನ ಬಾನಿಗೆ ಕಿವಿಗೊಟ್ಟು, ಮೂಗೊಡ್ಡಿ, ಹದ ತಿಳಿಯುತ್ತಿದ್ದರು.

ಮನೆಯ ವರ್ಷ ಬಳ್ಳಿಯೊಡನೆ ತಿರುಗುತ್ತಿತ್ತು. ನವರಾತ್ರಿ ಕಳೆದ ಮೇಲೆ ಬಳ್ಳಿಗೆ ಕತ್ತರಿ. ಕಾರ್ತಿಕದ ಚಳಿಯಲ್ಲಿ ಚಿಗುರು. ಸಂಕ್ರಾಂತಿಯ ವೇಳೆಗೆ ಕಲ್ಲುಕಂಬದ ಚಪ್ಪರದ ತುಂಬ ಹಸಿರು ಗೊಂಚಲು. ಶಿವರಾತ್ರಿ ದಾಟಿ ಬಿಸಿಲು ಬಲಿತರೆ ಹಣ್ಣು ಕಪ್ಪಾಗಿ ಇರುವೆಗಳಿಗೆ ಹಬ್ಬ. ಆಗ ಮಿಂದು ಮಡಿಯುಟ್ಟು ಕಲ್ಲುತೊಟ್ಟಿಯಲ್ಲಿ ಹಣ್ಣು ತುಳಿಯುವುದು, ತುಳಿದದ್ದನ್ನು ಹಿತ್ತಿಲ ಕೋಣೆಯ ಬಾನಿಗಳಿಗೆ ತುಂಬುವುದು. ಬಾನಿಯಲ್ಲಿ ರಸ ಉಕ್ಕತೊಡಗಿದರೆ ಸಿಪ್ಪೆಯೆಲ್ಲ ಮೇಲೆ ತೇಲಿ ರೊಟ್ಟಿಯಂತೆ ಗಟ್ಟಿಯಾಗುತ್ತದೆ. ಬೆಳಗು ಬೈಗು ಅದನ್ನು ಕೋಲಿನಿಂದ ಒತ್ತಿ ಮುಳುಗಿಸಬೇಕು. ಎರಡು ದಿನ ಮರೆತರೆ ಸಿಪ್ಪೆ ಒಣಗಿ, ಗುಂಗುರು ನೊಣ ಮುತ್ತಿ, ಬಾನಿಗೆ ಬಾನಿಯೇ ಹುಳಿಯಾಗುತ್ತದೆ. ಈ ಕೆಲಸ ನರಸಿಂಹಪ್ಪನ ಹೆಂಡತಿ ಓಬಳಮ್ಮನದು. ಸುಗ್ಗಿಯುದ್ದಕ್ಕೂ ಅವಳ ಅಂಗೈ ನೇರಳೆಗಪ್ಪಾಗಿರುತ್ತಿತ್ತು. ಬಾನಿ ಮುಟ್ಟುವುದನ್ನು ಬಿಟ್ಟು ಒಂದು ವಾರವಾದರೆ ಮಾತ್ರ ಆ ಕರೆ ಹೋಗುವುದು.

ಐವತ್ತೆಂಟನೆಯ ಇಸವಿಯ ಸುಗ್ಗಿಯಲ್ಲಿ ಹಣ್ಣು ತುಳಿದವನು ಅವಳ ಒಬ್ಬನೇ ಮಗ ಚನ್ನಕೇಶವ. ಚಿಂತಾಮಣಿಯ ಕಡೆ ಅವನಿಗೆ ಹೆಣ್ಣು ನೋಡಿದ್ದರು. ಪಕ್ಕದ ಹೊಲದ ಬಯ್ಯಪ್ಪ ತೊಟ್ಟಿಯ ಅಂಚಿನಲ್ಲಿ ಕುಳಿತು ಕೆಣಕಿದ:

“ಏನಪ್ಪ ಚನ್ನಕೇಶವ, ಮದ್ವೇಲೂ ಹಿಂಗೇ ಕುಣೀತೀಯಾ?”

“ಮೊದ್ಲು ಹೆಣ್ಣು ಕೊಡ್ಲಿ ಕಣಣ್ಣ, ಆಮೇಲೆ ಅವರಪ್ಪನ್ನೂ ತೊಟ್ಟಿಗಿಳಿಸ್ತೀನಿ.”

ತುಳಿದು ಮುಗಿಸಿ, ಬಾನಿ ತುಂಬಿ, ಕಾಲು ತೊಳೆಯಲೆಂದು ಅವನು ಬಾವಿಗಿಳಿದ. ಹಣ್ಣಿನ ಲೋಳೆ ಮೆತ್ತಿದ್ದ ಪಾದ ಕಲ್ಲುಮೆಟ್ಟಿಲ ಮೇಲೆ ನಿಲ್ಲಲಿಲ್ಲ. ತಲೆಗೆ ಪೆಟ್ಟು ಬಿತ್ತು. ಗಾಡಿ ಶಿಡ್ಲಘಟ್ಟ ಸೇರುವ ಮೊದಲೇ ಉಸಿರು ನಿಂತಿತು.

ತೋಟದ ಮೂಲೆಯಲ್ಲಿ ಮಣ್ಣು ಮಾಡಿ ಬಂದ ನರಸಿಂಹಪ್ಪ ಮೊದಲು ಮಾಡಿದ ಕೆಲಸವೆಂದರೆ ಬಾನಿಕೋಣೆಯ ಬಾಗಿಲೆಳೆದು ಚಿಲಕ ಹಾಕಿದ್ದು.

“ಹನ್ನೊಂದು ದಿನ ಯಾರೂ ಇದನ್ನ ತೆಗೀಬಾರ್ದು. ಒಳಗಿರೋದು ಪೂಜೆರಸ. ನಮ್ಗೆ ಸೂತಕ.”

“ಹುಳಿಯಾಗ್ತದೆ” ಎಂದಳು ಓಬಳಮ್ಮ.

“ಆಗ್ಲಿ.”

“ಅವ್ನು ತುಳಿದಿದ್ದು.”

ನರಸಿಂಹಪ್ಪ ಜಗುಲಿಗೆ ಹೋಗಿ ಕುಳಿತ. ಮಾತಿಗೆ ಮರುಮಾತು ಆಡಿಸಿಕೊಂಡು ಗೊತ್ತಿಲ್ಲದ ಗಂಡಸು ಅವನು.

ಓಬಳಮ್ಮನಿಗೆ ಅಳು ಬರಲಿಲ್ಲ. ಹೆಚ್ಚು ಹೊತ್ತು ಮಡಿಚಿ ಕುಳಿತ ಕಾಲು ಜೋಮು ಹಿಡಿಯುವಂತೆ ಅವಳ ಒಳಗೆಲ್ಲ ಜೋಮು ಹಿಡಿದಿತ್ತು. ಯಾರೋ ಅನ್ನ ಬಡಿಸಿದರೆ ಉಂಡಳು; ಮಲಗೆಂದರೆ ಮಲಗಿದಳು. ತೊಂಡೇಬಾವಿಯಿಂದ ಬಂದಿದ್ದ ಗಂಡನ ಅಕ್ಕ ಚಿಕ್ಕವೆಂಕಟಮ್ಮ ಅಳುವುದರಲ್ಲಿ ಹೆಸರಾದವಳು. ಬಂದವರೆದುರು ಒಂದು ಸುತ್ತು ಅತ್ತು, ಮೂಗು ಸೀಟಿ, ನಡುವೆ ಸಾರಿಗೆ ಉಪ್ಪು ನೋಡಿ ಬಂದು ಮತ್ತೆ ಅಳುತ್ತಿದ್ದಳು.

“ಅತ್ತುಬಿಡೇ ಓಬಳಮ್ಮ. ಹಿಂಗೆ ಗುಂಡುಕಲ್ಲಿನಂಗೆ ಕೂತ್ರೆ ಊರೋರು ಏನಂತಾರೆ?”

“ಬರಲ್ಲ ಅಕ್ಕ.”

“ಬರಿಸ್ಕೋಬೇಕು ಕಣೇ, ನಾನಿಲ್ವಾ!”

ಒಂದೇ ಒಂದು ಸದ್ದು ಅವಳನ್ನು ಮುಟ್ಟುತ್ತಿತ್ತು. ನಡುಮನೆಯ ಗೋಡೆಯಾಚೆ ಬಾನಿಗಳು ಸೊಯ್ಯೆಂದು ಉಕ್ಕುತ್ತಿದ್ದವು. ಈಗ ಸಿಪ್ಪೆ ಮೇಲೆದ್ದಿರುತ್ತದೆ, ಈಗ ಒಣಗಿರುತ್ತದೆ, ಈಗ ಗುಂಗುರು ಕುಳಿತಿರುತ್ತದೆ ಎಂದು ಮನಸ್ಸು ತನ್ನ ಪಾಡಿಗೆ ಹೇಳಿಕೊಳ್ಳುತ್ತಿತ್ತು. ಮಗ ಇನ್ನು ಬಾರನು. ಅವನ ಕಾಲು ತುಳಿದ ರಸ ಮಾತ್ರ ಇನ್ನೂ ಜೀವದಿಂದಿದೆ, ಅದೂ ಕೆಡುತ್ತಿದೆ. ಆ ಒಂದನ್ನಾದರೂ ಉಳಿಸಿಕೊಳ್ಳಬೇಕೆಂಬ ಆಸೆ ಅವಳಲ್ಲಿತ್ತು. ಆದರೆ ಏಳಲು ಕಾಲಿಗೆ ಮನಸ್ಸಿರಲಿಲ್ಲ.

ಮೂರನೆಯ ದಿನ ಮಗನ ಮಣ್ಣುಗುಡ್ಡೆಗೆ ಹಾಲುತುಪ್ಪ ಬಿಟ್ಟು ಬಂದ ಮಾರನೆಯ ಮಧ್ಯಾಹ್ನ, ನೆಂಟರೆಲ್ಲ ಜಗುಲಿಯಲ್ಲಿ ಅಡ್ಡಾಗಿದ್ದಾಗ, ಹೇಗೋ ಎದ್ದು ಹಿತ್ತಿಲಿಗೆ ಹೋಗಿ ಚಿಲಕ ತೆಗೆದಳು. ಹುಳಿ ಮೂಗಿಗೆ ಹೊಡೆಯುವುದೆಂದು ಉಸಿರು ಬಿಗಿಹಿಡಿದಿದ್ದಳು. ಹೊಡೆಯಲಿಲ್ಲ. ಬಾನಿಗಳ ಬಾಯಿಗೆ ಹೊದಿಸಿದ್ದ ಬಟ್ಟೆ ಸರಿಸಿ ನೋಡಿದಳು: ಸಿಪ್ಪೆ ಒದ್ದೆಯಾಗಿ, ಮೆತ್ತಗೆ, ಈಗತಾನೆ ಮುಳುಗಿ ಎದ್ದಂತಿತ್ತು. ಗೋಡೆಗೆ ಒರಗಿದ್ದ ಕೋಲಿನ ತುದಿಯಲ್ಲಿ ರಸದ ಹಸಿ ಇನ್ನೂ ಆರಿರಲಿಲ್ಲ. ಕೋಲು ಅವಳಿಡುವ ಜಾಗದಲ್ಲಿರಲಿಲ್ಲ.

ಹೋದವರು ಹನ್ನೊಂದನೆಯ ದಿನದವರೆಗೆ ಮನೆಯನ್ನು ಸುತ್ತುತ್ತಿರುತ್ತಾರೆಂದು ಅವಳ ತಾಯಿ ಹೇಳಿದ್ದಳು, ಅಜ್ಜಿಯೂ ಹೇಳಿದ್ದಳು. ಓಬಳಮ್ಮ ಬೆಚ್ಚಲಿಲ್ಲ. ಬಂದಿದ್ದಾನೆ ಎಂದುಕೊಂಡಳು, ಅಷ್ಟೆ. ಬಾಗಿಲು ಮುಂದೆ ಮಾಡಿ, ಹೊಸ್ತಿಲ ಒಳಗೆ ಒಂದು ಚೊಂಬು ನೀರಿಟ್ಟು ಬಂದಳು. ಮರುದಿನ ನೋಡಿದರೆ ಚೊಂಬು ಬರಿದು. ಅಂದಿನಿಂದ ದಿನವೂ ನೀರು ತುಂಬಿದಳು. ದಿನವೂ ಅದು ಬರಿದಾಯಿತು. ಬಾನಿಗಳನ್ನು ಅವಳು ಮುಟ್ಟಲಿಲ್ಲ. ಅವನ ಕೆಲಸ ಅವನೇ ಮಾಡಿಕೊಳ್ಳುತ್ತಿರುವಾಗ ತಾಯಿ ನಡುವೆ ಕೈಹಾಕುವುದೇಕೆ? ಯಾರಿಗೂ ಹೇಳಲಿಲ್ಲ. ಜೋಮು ಬಿಡದಿದ್ದರೂ ಅದರೊಳಗೆ ಒಂದು ಬೆಚ್ಚನೆಯ ಜಾಗ ಆಗಿತ್ತು.

ನರಸಿಂಹಪ್ಪ ಬೆಳಗಾಗುತ್ತಲೇ “ಗುಡ್ಡೆ ಹತ್ರ ಹೋಗ್ಬರ್ತೀನಿ” ಎಂದು ಹೊರಟುಬಿಡುತ್ತಿದ್ದ. ಬೈಗಿನಲ್ಲೂ ಅದೇ ಮಾತು. ಮಿಕ್ಕ ಹೊತ್ತೆಲ್ಲ ಟವಲಿನೊಳಗೆ ಕೈ ಸುತ್ತಿಕೊಂಡು ಕುಳಿತಿರುತ್ತಿದ್ದ.

“ಈ ಉರಿಬಿಸಿಲಲ್ಲಿ ಅದೇನ್ ಚಳಿಯಪ್ಪ ನಿಂಗೆ?” ಎಂದು ಅಕ್ಕ ಗದರಿದರೂ ಅವನು ಟವಲು ಬಿಡಿಸಲಿಲ್ಲ.

ಹನ್ನೊಂದನೆಯ ದಿನ ಜೋಯಿಸರು ಬಂದರು. ಅಂಗಳದಲ್ಲಿ ಎಡೆಯಿಟ್ಟು, ಮಂತ್ರ ಮುಗಿಸಿ, ಸೂತಕ ಕಳೆಯುವ ತೀರ್ಥದ ಉದ್ಧರಣೆ ಎತ್ತಿದರು.

“ಕೈ ಒಡ್ಡಪ್ಪ.”

ನರಸಿಂಹಪ್ಪ ಟವಲು ತೆಗೆದು ಅಂಗೈ ಚಾಚಿದ. ಅದು ನೇರಳೆಗಪ್ಪಾಗಿತ್ತು, ಉಗುರಿನ ಸಂದು, ಬೆರಳ ಗೆಣ್ಣು, ಮಣಿಕಟ್ಟಿನವರೆಗೂ ಹಸಿ ಕರೆ. ಜೋಯಿಸರ ಉದ್ಧರಣೆ ಅಲ್ಲೇ ನಿಂತಿತು.

“ಇದೇನಪ್ಪ, ಕೈ?”

ಬಯ್ಯಪ್ಪ ನೆಲ ನೋಡಿದ. ಚಿಕ್ಕವೆಂಕಟಮ್ಮ ಬಾಯಿ ತೆರೆಯುವಷ್ಟರಲ್ಲಿ ಓಬಳಮ್ಮನೇ ಹೇಳಿದಳು:

“ಸುಗ್ಗಿ ಕರೆ ಸ್ವಾಮಿ. ನಮ್ಮನೇಲಿ ಎಲ್ರಿಗೂ ಇರ್ತದೆ. ತಿಂಗ್ಳಾದ್ರೂ ಹೋಗಲ್ಲ.”

ಹಾಗೆನ್ನುತ್ತ ಬೆಳ್ಳಗಾಗಿದ್ದ ತನ್ನ ಅಂಗೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಜೋಯಿಸರು ತೀರ್ಥ ಹಾಕಿದರು. ಕಪ್ಪು ಅಂಗೈಯಲ್ಲಿ ನೀರು ನಿಂತದ್ದನ್ನು, ಗಂಡ ಅದನ್ನು ಕುಡಿದದ್ದನ್ನು ಅವಳು ನೋಡಿದಳು. ಹಾಗಾದರೆ ಚನ್ನಕೇಶವ ಬಂದಿರಲಿಲ್ಲ. ಒಂದು ದಿನವೂ ಬಂದಿರಲಿಲ್ಲ. ಬೆಚ್ಚಗಿದ್ದ ಆ ಜಾಗಕ್ಕೂ ಮಿಕ್ಕದ್ದರಂತೆ ಜೋಮು ಹಿಡಿಯಿತು.

ಊಟ ಮುಗಿದು ನೆಂಟರ ಗಾಡಿಗಳು ಹೊರಟ ಮೇಲೆ ಅವಳು ಬಾನಿಕೋಣೆಗೆ ಹೋದಳು. ನರಸಿಂಹಪ್ಪ ಅಲ್ಲೇ ಇದ್ದ. ಮುಚ್ಚಿಡುವಂಥದ್ದು ಏನೂ ಉಳಿದಿರದ ಕಾರಣ ಬಾಗಿಲು ತೆರೆದೇ ಇತ್ತು.

“ದಿನಾ ಗುಡ್ಡೆಗೆ ಹೋಗ್ತೀನಿ ಅಂತಿದ್ರಲ್ಲ.”

“ಹೋಗ್ತಿದ್ದೆ. ಇಲ್ಲಿಗೆ ಬಂದು ಆಮೇಲೆ ಹೋಗ್ತಿದ್ದೆ.”

“ಚೊಂಬಿನ ನೀರು?”

“ಕುಡಿದೆ. ನೀನಿಟ್ಟಿದ್ದು ಅಂತ ಗೊತ್ತಿತ್ತು. ನಂಗೇ ಇಡ್ತೀಯ ಅಂದ್ಕೊಂಡಿದ್ದೆ.” ಅವನು ತಲೆಯೆತ್ತಿದ. “ಅಲ್ವಾ?”

ಓಬಳಮ್ಮ ಹೊಸ್ತಿಲ ಒಳಗಿದ್ದ ಬರಿಯ ಚೊಂಬನ್ನೆತ್ತಿ ಸೆರಗಿನಿಂದ ಒರೆಸಿದಳು.

“ನಿಮ್ಗೇ” ಎಂದಳು.

ಬಾನಿಯೊಂದರಲ್ಲಿ ಗುಳ್ಳೆಯೊಡೆಯಿತು. ಉಕ್ಕು ಇಳಿಯುತ್ತ ಬಂದಿತ್ತು. ಇನ್ನೆರಡು ದಿನದಲ್ಲಿ ಸೋಸಬಹುದು.

“ಇದನ್ನ ಪಾದ್ರಿಗಳಿಗೆ ಕೊಡಕ್ಕಾಗಲ್ಲ” ಎಂದ ನರಸಿಂಹಪ್ಪ. “ಅವ್ರಿಗೆ ಮೈಲಿಗೆ ಇಲ್ದೇ ಇರ್ಬಹುದು. ನಂಗಿದೆ. ಸೂತಕದ ಕೈಯಲ್ಲಿ ತೊಳಸಿದ್ದನ್ನ ದೇವರ ಮುಂದೆ ಇಡೋನಲ್ಲ ನಾನು.”

“ಮತ್ಯಾಕೆ ತೊಳಸಿದ್ರಿ?”

“ನೀನೇ ಹೇಳಿದ್ಯಲ್ಲ, ಅವ್ನು ತುಳಿದಿದ್ದು ಅಂತ. ಚಿಲಕ ಹಾಕಿದ್ದು ನಮ್ಮಪ್ಪನ ಮಾತಿಗೆ. ತೆಗೆದಿದ್ದು...” ಅವನು ಅಷ್ಟಕ್ಕೇ ನಿಲ್ಲಿಸಿ ಕೋಲನ್ನು ತಿರುಗಿಸಿ ನೋಡಿದ. “ಉಳೀತೋ ಇಲ್ವೋ, ಅದೂ ತಿಳೀತಿಲ್ಲ. ಮೂಗಿಗೆ ಏನೂ ಗೊತ್ತಾಗ್ತಿಲ್ಲ ನಂಗೆ, ಅವತ್ತಿಂದ.”

ಓಬಳಮ್ಮನ ಮೂಗಿಗೂ ಅವತ್ತಿನಿಂದ ಅಷ್ಟೇ ಆಗಿತ್ತು. ಅವಳು ಬಾನಿಯ ಬಳಿ ಕುಳಿತು, ಸಿಪ್ಪೆಯನ್ನು ಒತ್ತಿ ಸರಿಸಿ, ಎರಡು ಬೆರಳು ಅದ್ದಿದಳು. ದೇವರಿಗೆ ಹೋಗದ ರಸಕ್ಕೆ ಎಂಜಲೆಲ್ಲಿಯದು? ಗಂಡ ಬೇಡವೆನ್ನಲಿಲ್ಲ. ಬೆರಳನ್ನು ಬಾಯಿಗಿಟ್ಟಳು.

“ಹೆಂಗಿದೆ?”

“ಹೆಂಗಿರ್ಬೇಕು ಅಂತ ನಂಗೇನ್ ಗೊತ್ತು? ಯಾವತ್ ಕುಡಿದಿದ್ದೀನಿ?”

ನರಸಿಂಹಪ್ಪನ ಮೀಸೆ ಒಮ್ಮೆ ಅಲುಗಿತು. ಅದು ನಗೆಯೋ ಅಲ್ಲವೋ, ನೋಡಲು ಅವಳು ನಿಲ್ಲಲಿಲ್ಲ. ಮತ್ತೊಮ್ಮೆ ಅದ್ದಿ, ನಾಲಿಗೆಯ ಮೇಲೆ ಹೆಚ್ಚು ಹೊತ್ತು ಇಟ್ಟುಕೊಂಡಳು. ಮೊದಲು ಏನೂ ಇರಲಿಲ್ಲ. ಆಮೇಲೆ ಎಳೆಯ ಬಾಳೆಕಾಯಿ ಕಚ್ಚಿದಂತೆ ಒಗರು ದವಡೆಯನ್ನು ಹಿಡಿಯಿತು, ಅದರ ಹಿಂದೆಯೇ ಒಂದಿಷ್ಟು ಬಿಸಿ ಗಂಟಲಿಗಿಳಿಯಿತು.

“ಹುಳಿ ಇಲ್ಲ” ಎಂದಳು.

ಎದ್ದು ಅವನ ಕೈಯಿಂದ ಕೋಲು ತೆಗೆದುಕೊಂಡು, ಮುಂದಿನ ಬಾನಿಯ ಸಿಪ್ಪೆಯನ್ನು ಒತ್ತಿ ಮುಳುಗಿಸತೊಡಗಿದಳು.