ಓದದೆ ಬಿಟ್ಟ ಸಾಲು

ಕೋಲ್ಟನ್‌ನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಮುಚ್ಚಿಡುವುದೇನಿದೆ? ವಿನಿಪೆಗ್‌ನ ಈ ಪ್ರವಾಹ ಮುನ್ಸೂಚನೆ ಕಚೇರಿಯ ಸರ್ವರ್‌ಗಳನ್ನು ಇಪ್ಪತ್ತೆರಡು ವರ್ಷ ಸಾಕಿದವಳು ನಾನು. ಅವನು ಬಂದು ಹತ್ತು ತಿಂಗಳು. ಆದರೂ ನಮ್ಮ ಮೇಲಧಿಕಾರಿ ಗ್ವೆನ್ ಬಾಯಲ್ಲಿ ಬೆಳಗಾದರೆ ಅವನದೇ ಜಪ. ಅವನು ಮಾಡಿದ ನದಿ ನಕ್ಷೆಯನ್ನು ಶುಕ್ರವಾರ ಮಂತ್ರಿಗಳಿಗೆ ತೋರಿಸಬೇಕಂತೆ. ಅವರು ಮೆಚ್ಚಿದರೆ, ನಾನು ಕಾದು ಕೂತಿದ್ದ ಹಿರಿಯ ಹುದ್ದೆಯೂ ಅವನ ಪಾಲು.

ಬುಧವಾರ ಬೆಳಿಗ್ಗೆ ಡಿಸ್ಕ್ ತುಂಬಿ ಸರ್ವರ್ ಏದುಸಿರು ಬಿಡತೊಡಗಿತು. ತಾತ್ಕಾಲಿಕ ಕಡತಗಳನ್ನಿಡುವ ಟೆಂಪ್ ಫೋಲ್ಡರ್ ಗುಡಿಸಬೇಕಿತ್ತು. ಅದಕ್ಕೆ ನಾನೇ ಮಾಡಿದ ಪದ್ಧತಿಯೊಂದಿದೆ. ಹತ್ತು ದಿನ ಯಾರೂ ಮುಟ್ಟದ್ದನ್ನು ಹುಡುಕುವ ಆಜ್ಞೆ ಕೊಟ್ಟು ಮೊದಲು ಬರೀ ಪಟ್ಟಿ ತೆಗೆಯಬೇಕು. ಒಬ್ಬರು ಅದನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಸಾಲುಸಾಲಿಗೂ ಹೂಂಗುಟ್ಟಬೇಕು, ಬೇಕಾದದ್ದು ಬಂದರೆ ತಡೆಯಬೇಕು. ಆಮೇಲಷ್ಟೇ ಅದೇ ಆಜ್ಞೆಯ ಕೊನೆಗೆ ಅಳಿಸುವ ಪದ ಸೇರಿಸುವುದು. ಆಜ್ಞೆ ಟೈಪ್ ಮಾಡುವ ಆ ಕಪ್ಪು ಪರದೆಯಲ್ಲಿ ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ, ಟೆಂಪ್‌ನಲ್ಲಿದ್ದದ್ದಕ್ಕೆ ಇನ್ನೊಂದು ಪ್ರತಿಯೂ ಇರುವುದಿಲ್ಲ.

ಹೂಂಗುಟ್ಟಲು ಕೋಲ್ಟನ್ ಬಂದು ಮೇಜಿನಾಚೆ, ಪರದೆಯ ಹಿಂದೆ ಕೂತ, ಕೈಯಲ್ಲಿ ಡೋನಟ್.

"ಓದಿ ಡರ್ಲೀನ್. ನಿಮ್ಮ ದನಿ ಕೇಳಿದ್ರೆ ಚರ್ಚಲ್ಲಿ ಕೂತಂಗಾಗುತ್ತೆ."

"ಅಲ್ಲಿ ಮಾಡ್ದಂಗೆ ಇಲ್ಲೂ ನಿದ್ದೆ ಮಾಡ್ಬೇಡಪ್ಪ."

ಮೂವತ್ತೊಂದನೇ ಸಾಲಿನಲ್ಲಿ ಅವನ ಹೆಸರೇ ಇತ್ತು: ಕೋಲ್ಟನ್, ನದಿ ನಕ್ಷೆ, ಅಂತಿಮ ಪ್ರತಿ. ಟೆಂಪ್ ಇರುವ ಡಿಸ್ಕ್ ವೇಗದ್ದು ಅಂತ ಅಲ್ಲೇ ಕೆಲಸ ಮಾಡಿ, ಮುಗಿಸಿ, ಅಲ್ಲೇ ಬಿಟ್ಟಿದ್ದಾನೆ ಪುಣ್ಯಾತ್ಮ. ಮುಟ್ಟಿ ಹನ್ನೆರಡು ದಿನವಾಗಿತ್ತು. ಮೂವತ್ತನೆಯದಕ್ಕೆ ಹೂಂ ಅಂದಿದ್ದ. ನಾನು ಮೂವತ್ತೆರಡನೆಯದನ್ನು ಓದಿದೆ. ಅದಕ್ಕೂ ಹೂಂ ಅಂದ.

ಪಟ್ಟಿ ಮುಗಿಸಿ ಅಳಿಸಿದೆ. ಡಿಸ್ಕ್ ಅರ್ಧ ಖಾಲಿಯಾಯಿತು. ನನ್ನ ಹೊಟ್ಟೆಯೂ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

ಮಧ್ಯಾಹ್ನ ಅವನು ಬಿಳಿಚಿಕೊಂಡು ಗ್ವೆನ್ ಕೋಣೆಗೆ ಹೋದ. ಬೈಗುಳ ಕೇಳುವ ಆಸೆಗೆ ನಾನೂ ಹೋಗಿ ಬಾಗಿಲಲ್ಲಿ ನಿಂತೆ.

"ನಕ್ಷೆ ಹೋಯ್ತು ಗ್ವೆನ್. ಟೆಂಪಲ್ಲಿ ಇಟ್ಟಿದ್ದೆ. ಮೂರು ವಾರದ ಕೆಲಸ. ಪೂರ್ತಿ ನನ್ನದೇ ತಪ್ಪು."

ಗ್ವೆನ್ ಅವನಿಗೆ ಕುರ್ಚಿ ತೋರಿಸಿದಳು.

"ಮಂತ್ರಿಗಳಿಗೆ ನಾನು ಹೇಳ್ಕೋತೀನಿ ಬಿಡು," ಅಂದು ನನ್ನ ಕಡೆ ತಿರುಗಿದಳು. "ನೋಡು ಡರ್ಲೀನ್, ಹೀಗೆ ನೇರವಾಗಿ ಬಂದು ತಪ್ಪು ಒಪ್ಕೊಳ್ಳೋರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಹೇಳು?"

ಉರಿಯೋ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ನಕ್ಷೆ ಕಳೆದುಕೊಂಡೂ ಅವನೇ ಗೆದ್ದಿದ್ದ.

ಹೊರಗೆ ಬಂದ ಮೇಲೆ ಕೋಲ್ಟನ್ ನನ್ನ ಮೇಜಿನ ಹತ್ತಿರ ನಿಂತ.

"ನಿಮಗೆ ಮುಖ ತೋರ್ಸಕ್ಕೇ ನಾಚಿಕೆ ಆಗ್ತಿದೆ. ನೀವು ಅಷ್ಟು ಸ್ಪಷ್ಟವಾಗಿ ಓದಿದ್ರಿ. ನನ್ನ ಹೆಸರಿಗೇ ನಾನು ಹೂಂ ಅಂದಿದೀನಲ್ಲ!"

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ.

"ಗಮನ ಇಟ್ಟು ಕೇಳ್ಬೇಕಪ್ಪ," ಅಂದೆ.

ಅವನು ಥ್ಯಾಂಕ್ಸ್ ಅಂದ.